ನಿಮಗಿದು ಗೊತ್ತೇ? ಗಂಜಿ ತೊಟ್ಟಿಯಿಂದ ನೀರಿನ ರೈಲಿನವರೆಗೆ

■ ಉತ್ತರ ಚೆನ್ನೈನ ಸ್ಟಾನ್ಲಿ ಆಸ್ಪತ್ರೆಗೆ ಹಳಬರು ಇಟ್ಟ ಹೆಸರು ‘ಕಂಜಿ ತೊಟ್ಟಿ ಆಸ್ಪತ್ರೆ’. ಅವರ ಕಂಜಿಯೇ ನಮ್ಮ ಗಂಜಿ. ತೊಟ್ಟಿ ಎರಡೂ ಕಡೆ ತೊಟ್ಟಿಯೇ. 1780ರಲ್ಲಿ ಹೈದರಾಲಿಯ ದಂಡು ಮದ್ರಾಸಿನ ಸುತ್ತಲ ಸೀಮೆಗೆ ನುಗ್ಗಿತು. ಹೊಲಗಳು ಬೀಳುಬಿದ್ದವು, ಹೊಟ್ಟೆಗಿಲ್ಲದ ಹಳ್ಳಿಗರು ಕೋಟೆಯ ಕಡೆಗೆ ನಡೆದು ಬಂದರು. ಅವರಿಗೆ ಗಂಜಿ ಹಾಕಲೆಂದು 1782ರಲ್ಲಿ ಒಂದು ಛತ್ರ ತೆರೆದರು. 1799ರಲ್ಲಿ ಅದಕ್ಕೆ ಔಷಧೋಪಚಾರ ಸೇರಿತು. ಗಂಜಿಯ ತೊಟ್ಟಿಯೇ ಬೆಳೆದು ಆಸ್ಪತ್ರೆಯಾಯಿತು, 20ನೇ ಶತಮಾನದಲ್ಲಿ ವೈದ್ಯಕೀಯ ಕಾಲೇಜೂ ಆಯಿತು. ಹೈದರನ ಯುದ್ಧಗಳನ್ನು ನಾವು ಕೋಟೆ, ಕುದುರೆ, ರಾಕೆಟ್ಟುಗಳ ಲೆಕ್ಕದಲ್ಲಿ ಓದಿ ಬೆಳೆದವರು. ಅದೇ ಯುದ್ಧಕ್ಕೆ ಗಂಜಿಯ ಲೆಕ್ಕವೂ ಒಂದಿತ್ತು.

■ ದೇಶದ ಆದಾಯವನ್ನು ಒಂದೇ ಅಂಕಿಯಲ್ಲಿ ಹೇಳುವ ಪದ್ಧತಿಗೆ ತಳಪಾಯ ಹಾಕಿದವರಲ್ಲಿ ಸೈಮನ್ ಕುಜ್ನೆಟ್ಸ್ ಮುಖ್ಯರು. 1934ರಲ್ಲಿ ಅಮೆರಿಕದ ಸಂಸತ್ತಿಗೆ ಒಪ್ಪಿಸಿದ ವರದಿಯಲ್ಲೇ, ಈ ಅಂಕಿಯಿಂದ ಜನರ ಕ್ಷೇಮವನ್ನು ಅಳೆಯಲಾಗದು ಎಂದು ಅವರು ಎಚ್ಚರಿಸಿದ್ದರು. ಜಗತ್ತು ಅಂಕಿಯನ್ನು ಇಟ್ಟುಕೊಂಡಿತು, ಎಚ್ಚರಿಕೆಯನ್ನು ಬಿಟ್ಟಿತು. ಆಯುಷ್ಯ, ಓದು, ಆದಾಯ ಮೂರನ್ನೂ ಕೂಡಿಸಿದ ಮಾನವ ಅಭಿವೃದ್ಧಿ ಸೂಚ್ಯಂಕ ಬರಲು 1990 ಆಗಬೇಕಾಯಿತು. ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಮತ್ತು ನಮ್ಮ ಅಮರ್ತ್ಯ ಸೇನ್ ಅದರ ಹಿಂದಿದ್ದ ಹೆಸರುಗಳು. ಹೊಟ್ಟೆ ತುಂಬಿತೇ, ಪಂಕ್ತಿಯಿಂದ ಯಾರು ಹೊರಗುಳಿದರು, ಮೊಮ್ಮಕ್ಕಳಿಗೆ ಏನು ಉಳಿಯಿತು? ಈ ಮೂರು ಪ್ರಶ್ನೆ ಹಿಡಿದು ಚೆನ್ನೈ ಎಂಬ ಒಂದು ಊರಿನ ನಾಲ್ಕು ಶತಮಾನಗಳನ್ನು ಓದಿದರೆ ಸಿಗುವುದು ಶಾಲೆಯಲ್ಲಿ ಕಲಿತ ಚರಿತ್ರೆಯಲ್ಲ.

■ ಇದು ನೆರೆಮನೆಯ ಕಥೆಯೂ ಅಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲೇ ಇದ್ದವು. ಆ ದಿನವೇ ಕೇರಳಕ್ಕೆ ಹೋದ ಕಾಸರಗೋಡೂ ಅಷ್ಟೇ. ಮಂಗಳೂರಿನ ಅಜ್ಜಂದಿರಿಗೆ ರಾಜಧಾನಿ ಎಂದರೆ ಮದ್ರಾಸು.

■ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇ ಬಂದರೂ ಇಲ್ಲದ ಈ ಮರಳ ದಂಡೆಯನ್ನು 1639ರಲ್ಲಿ ಆರಿಸಿಕೊಂಡದ್ದು ಬಟ್ಟೆಗಾಗಿ. ಬೇರೆಡೆಗಿಂತ ಇಲ್ಲಿ ಬಟ್ಟೆ ನೂರಕ್ಕೆ 20ರಷ್ಟು ಅಗ್ಗ ಎಂದು ಆತ ಮೇಲಿನವರಿಗೆ ಬರೆದ. ಊರಿನ ಪೇಟೆಗಳ ಹೆಸರುಗಳು ಇಂದಿಗೂ ಅದನ್ನೇ ಹೇಳುತ್ತವೆ. ನೇಕಾರರನ್ನು ಕರೆತಂದು ಕೂರಿಸಲು 1734ರಲ್ಲಿ ಕಟ್ಟಿದ್ದು ಚಿಂತಾದ್ರಿಪೇಟೆ. ತಮಿಳಿನಲ್ಲಿ ‘ಚಿನ್ನ ತರಿ ಪೇಟೆ’ ಎಂದರೆ ಚಿಕ್ಕ ಮಗ್ಗಗಳ ಪೇಟೆ. ಹಡಗು ಹತ್ತುವ ಮುನ್ನ ಬಟ್ಟೆ ಒಗೆದು ಬಿಸಿಲಿಗೆ ಹರವಿ ಬಿಳುಪು ಮಾಡುತ್ತಿದ್ದ ಮಡಿವಾಳರ ಕೇರಿ ವಣ್ಣಾರಪೇಟೆ.

■ ಆ ನೇಕಾರ ಬಡವನೇ ಆಗಿದ್ದನೇ? ಇತಿಹಾಸಕಾರ ಪ್ರಸನ್ನನ್ ಪಾರ್ಥಸಾರಥಿ 1998ರ ಲೇಖನವೊಂದರಲ್ಲಿ ಈ ಪ್ರಶ್ನೆಯನ್ನು ತಿರುವಿ ಹಾಕಿದರು. 18ನೇ ಶತಮಾನದ ದಕ್ಷಿಣ ಭಾರತದ ಕೂಲಿಯನ್ನು ಅವರು ನಾಣ್ಯದಲ್ಲಿ ಎಣಿಸಲಿಲ್ಲ, ಅದರಿಂದ ಎಷ್ಟು ಧಾನ್ಯ ಕೊಳ್ಳಬಹುದಿತ್ತು ಎಂದು ಅಳೆದರು. ಆ ಲೆಕ್ಕದಲ್ಲಿ ಇಲ್ಲಿನ ದುಡಿಯುವವರು ಬ್ರಿಟನ್ನಿನವರಿಗೆ ಸರಿಸಮ, ಕೆಲವೊಮ್ಮೆ ಒಂದು ಕೈ ಮೇಲು. ನಮ್ಮ ಬಟ್ಟೆ ಅಗ್ಗವಾಗಿದ್ದದ್ದು ಅಕ್ಕಿ ಅಗ್ಗವಾಗಿದ್ದರಿಂದ, ನೇಕಾರ ಉಪವಾಸವಿದ್ದುದರಿಂದಲ್ಲ ಎಂಬುದು ಅವರ ವಾದ. ಎಲ್ಲ ಆರ್ಥಿಕ ಇತಿಹಾಸಕಾರರೂ ಇದನ್ನು ಒಪ್ಪಿಲ್ಲ, ಚರ್ಚೆ ಇನ್ನೂ ನಡೆದಿದೆ. ನನ್ನ ಮನಸ್ಸಿನಲ್ಲಿ ನಿಂತದ್ದು ಅವರು ತೋರಿಸಿದ ಇನ್ನೊಂದು ಸಂಗತಿ. ಅಂದಿನ ನೇಕಾರ ಮುಂಗಡ ಪಡೆದ ಮೇಲೂ ವ್ಯಾಪಾರಿಯ ನಡತೆ ಸರಿಕಾಣದಿದ್ದರೆ ಹಣ ಹಿಂದಿರುಗಿಸಿ ಕರಾರು ಮುರಿಯಬಹುದಿತ್ತು. ಇಡೀ ಕೇರಿಯೇ ಮಗ್ಗ ಬಿಚ್ಚಿಕೊಂಡು ಬೇರೆ ಊರಿಗೆ ಹೋಗಬಹುದಿತ್ತು. ಕಂಪನಿಯ ಕೈಗೆ ರಾಜ್ಯ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಮಗ್ಗದ ಮುಂದೆ ಕಂಪನಿಯ ಜವಾನ ಬಂದು ನಿಂತ. ಕೂಲಿ ಇಳಿಯುವ ಮೊದಲೇ ಒಲ್ಲೆ ಎನ್ನುವ ಹಕ್ಕು ಹೋಗಿತ್ತು.

■ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೆಸರಿನ ಹಿಂದೆ ಮದ್ರಾಸಿದೆ. 1687ರಿಂದ 1692ರವರೆಗೆ ಇಲ್ಲಿನ ಗವರ್ನರ್ ಆಗಿದ್ದ ಎಲಿಹು ಯೇಲ್ 1718ರಲ್ಲಿ ಕನೆಕ್ಟಿಕಟ್‌ನ ಒಂದು ಪುಟ್ಟ ಕಾಲೇಜಿಗೆ ಒಂಬತ್ತು ಬೇಲು ಸರಕು, 417 ಪುಸ್ತಕ ಮತ್ತು ದೊರೆ ಒಂದನೇ ಜಾರ್ಜ್‌ನ ಚಿತ್ರಪಟವನ್ನು ದಾನ ಕೊಟ್ಟ. ಸರಕು ಮಾರಿ ಬಂದದ್ದು 562 ಪೌಂಡ್. ಅವನ ಆಡಳಿತದ ದಿನಗಳಲ್ಲಿ ಇದೇ ಕಡಲದಂಡೆಯಿಂದ ಮನುಷ್ಯರನ್ನೂ ಗುಲಾಮರಾಗಿ ಹಡಗು ಹತ್ತಿಸಲಾಗುತ್ತಿತ್ತು. ದಾನದ ಪಟ್ಟಿಯನ್ನು ಓದುವಾಗ ಇದನ್ನೂ ಜೊತೆಗೆ ಓದಬೇಕು.

■ ನೈಜೀರಿಯಾದ ಕಲಬಾರಿ ಜನರಿಗೆ ಮಗು ಹುಟ್ಟಿದಾಗಲೂ ಬೇಕು, ಹಿರಿಯರು ತೀರಿದಾಗಲೂ ಬೇಕು, ಅಂಥದೊಂದು ಚೌಕಳಿ ಬಟ್ಟೆಯಿದೆ. ಅದರ ಹೆಸರು ‘ಇಂಜಿರಿ’. ಅದು ಮದ್ರಾಸ್ ಕರವಸ್ತ್ರ.

■ ಒಗೆದಾಗ ಬಣ್ಣ ಬಿಟ್ಟರೆ ಬಟ್ಟೆ ಕಳಪೆ ಅನ್ನುತ್ತೇವೆ. 1958ರ ಹೊತ್ತಿಗೆ ಅಮೆರಿಕದಲ್ಲಿ ಮದ್ರಾಸ್ ಚೌಕಳಿಯ ಅಂಗಿಗಳನ್ನು ಬಣ್ಣ ಬಿಡುವ ಗುಣಕ್ಕಾಗಿಯೇ ಜಾಹೀರಾತು ಹಾಕಿ ಮಾರಿದರು. ಪ್ರತಿ ಒಗೆತಕ್ಕೂ ಬಣ್ಣ ಒಂದರೊಳಗೊಂದು ಸೇರಿ ಹೊಸ ಅಂಗಿ ಎಂದರು, ಕೈಮಗ್ಗದ ಬಣ್ಣದ ಸ್ವಭಾವವೇ ಅದರ ಬೆಲೆಯಾಯಿತು.

■ ಇನ್ನು ಧಾತು ಸಂವತ್ಸರದ ಬರದ ಮಾತು. ತಮಿಳರಿಗೆ ‘ತಾದು ವರುಷ ಪಂಜಂ’. 1876ರಿಂದ 1878ರವರೆಗೆ ಮದ್ರಾಸ್ ಪ್ರಾಂತ ಮತ್ತು ಮೈಸೂರನ್ನು ಒಟ್ಟಿಗೆ ಹಿಂಡಿದ ಈ ಬರದ ಅಳತೆಗೆ ಎರಡು ಜನಗಣತಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ, 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷ ಬೆಳೆಯಬೇಕಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಬಳ್ಳಾರಿ ಸೀಮೆಯ ಗತಿಯೂ ಅದೇ. ಆ ದಿನಗಳಲ್ಲಿ ರೈಲು ಇರಲಿಲ್ಲವೇ? ಇತ್ತು, ಅಲ್ಲಿಗೆ ಇಪ್ಪತ್ತು ವರ್ಷವಾಗಿತ್ತು. ಮದ್ರಾಸಿನ ಕಡಲದಂಡೆಯಲ್ಲಿ ಧಾನ್ಯದ ಮೂಟೆಗಳೂ ಇದ್ದವು. ಕೊಳ್ಳಲು ಹಣವಿಲ್ಲದ ಊರುಗಳ ಕಡೆಗೆ ಮೂಟೆ ತಾನಾಗಿ ಚಲಿಸುವುದಿಲ್ಲ.

■ ಅದೇ ಬರದ ಪರಿಹಾರ ಕಾಮಗಾರಿಗೆ ಬಂದವರ ದಿನಗೂಲಿಯನ್ನು 1877ರ ಜನವರಿಯಲ್ಲಿ, ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಇಳಿಸಿದರು. ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಮೇಲೊಂದು ಆಣೆ. ಇದಕ್ಕಾಗಿ ದಿನವಿಡೀ ಮಣ್ಣು ಹೊರಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಸುಮ್ಮನಿರಲಿಲ್ಲ. ಈ ಕೂಳಿನಲ್ಲಿ ದುಡಿಯುವ ದೇಹ ಉಳಿಯದು, ಬೇಳೆಕಾಳಿಲ್ಲದ ಅನ್ನ ಕೊಲ್ಲುತ್ತದೆ ಎಂದು ಸರ್ಕಾರದೊಳಗೇ ನಿಂತು ವಾದಿಸಿದರು. ಕೊನೆಗೆ ಮದ್ರಾಸ್ ಸರ್ಕಾರ ಕೂಲಿ ಏರಿಸಬೇಕಾಯಿತು. ಹೊತ್ತಿಗೆ ಇಷ್ಟು ಬೇಳೆ, ಇಷ್ಟು ಪೌಷ್ಟಿಕಾಂಶ ಎಂದು ಇಂದು ಸರ್ಕಾರಿ ಆದೇಶಗಳಲ್ಲಿ ಓದುವಾಗ ನನಗೆ ಕಾರ್ನಿಷ್ ನೆನಪಾಗುತ್ತಾರೆ.

■ ಆ ಬರಗಾಲದ ಕೂಲಿಗಳ ಕೈಕೆಲಸ ಇಂದಿಗೂ ಚೆನ್ನೈನ ನಡುವೆ ಇದೆ. ಅಡಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸುವ ಸುಮಾರು 8 ಕಿಲೋಮೀಟರ್ ಕಾಲುವೆಯನ್ನು ತೋಡಿದವರು ಅವರೇ. ಹೆಸರು ಮಾತ್ರ ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕ್‌ನದು. ಉಪ್ಪು, ಸೌದೆ, ಸುಣ್ಣ ಹೊತ್ತ ದೋಣಿಗಳು ಒಂದು ಕಾಲಕ್ಕೆ ಇಲ್ಲಿ ಸಾಲುಗಟ್ಟಿ ಹೋಗುತ್ತಿದ್ದವು. ಈಗ ಅದೇ ಕಾಲುವೆಯೊಳಗೆ ನಗರ ರೈಲಿನ ಕಂಬಗಳು ನಿಂತಿವೆ, ಕೆಳಗೆ ಕೊಳಚೆ ಹರಿಯುತ್ತದೆ.

■ 1860ರ ಅಕ್ಟೋಬರ್‌ನಲ್ಲಿ ಮದ್ರಾಸು ಬಿಟ್ಟ ಟ್ರೂರೊ ಹಡಗು 342 ಜನರನ್ನು ಹೊತ್ತು ನವೆಂಬರ್ 16ರಂದು ಡರ್ಬನ್ ತಲುಪಿತು. ದಕ್ಷಿಣ ಆಫ್ರಿಕಾದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದ ಮೊದಲ ಭಾರತೀಯರು ಇವರು. ಹೀಗೆ ಹಡಗು ಹತ್ತಿದವರ ಚೀಟಿಗಳಲ್ಲಿ ಊರು, ಜಾತಿ, ವಯಸ್ಸಿನ ಜೊತೆಗೆ ಮೈಮೇಲಿನ ಗುರುತು ಮತ್ತು ಎತ್ತರವನ್ನೂ ಬರೆಯುತ್ತಿದ್ದರು, ಓಡಿಹೋದರೆ ಹಿಡಿಯಲೆಂದು. ಆ ಎತ್ತರಗಳೇ ಇಂದು ಆರ್ಥಿಕ ಇತಿಹಾಸಕಾರರಿಗೆ ಆಕರ. ಎಳವೆಯಲ್ಲಿ ಹೊಟ್ಟೆ ತುಂಬದ ಮಗು ಗಿಡ್ಡವಾಗಿ ಉಳಿಯುತ್ತದೆ. ಅಂಗುಲದ ಲೆಕ್ಕ ಸುಳ್ಳು ಹೇಳುವುದಿಲ್ಲ.

■ ಭಾರತದ ಸರ್ಕಾರಿ ಅರಣ್ಯ ರಕ್ಷಣೆಯ ಪಾಠ ಶುರುವಾದ ಜಾಗಗಳಲ್ಲಿ ಶಿವಮೊಗ್ಗವೂ ಒಂದು. 1840ರ ದಶಕದಲ್ಲಿ ಅಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕಾಡು ಕರಗುವುದನ್ನು ಕಂಡ. 1856ರಲ್ಲಿ ಮದ್ರಾಸ್ ಪ್ರಾಂತದ ಮೊದಲ ಅರಣ್ಯಪಾಲನಾದ. ಅದೇ ವರ್ಷದ ಜುಲೈ 1ಕ್ಕೆ ರಾಯಪುರಂನಿಂದ ವಾಲಾಜಾ ರೋಡಿಗೆ ದಕ್ಷಿಣದ ಮೊದಲ ರೈಲು ಹೊರಟಿತು. ಹಳಿಯ ಕೆಳಗೆ ಹಾಸಲು ಮರ, ಎಂಜಿನ್ನಿಗೆ ಸೌದೆ. ಕಾಡು ಉಳಿಸಬೇಕೆಂಬ ಆತನ ಕಳಕಳಿ ನಿಜವೇ. ಆದರೆ 1860ರಲ್ಲಿ ಮದ್ರಾಸ್ ಸರ್ಕಾರ ಕನ್ನಡ ಕರಾವಳಿಯ ಕುಮರಿಗೆ, ಅಂದರೆ ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯಕ್ಕೆ, ತಡೆ ಹಾಕಿತು. ರೈಲಿಗೆ ಮರ ಸಿಕ್ಕಿತು, ಬೆಟ್ಟದ ಓರೆಯಲ್ಲಿ ರಾಗಿ ಚೆಲ್ಲಿ ಬದುಕುತ್ತಿದ್ದವರು ತಮ್ಮದೇ ಕಾಡಿನಲ್ಲಿ ಅಪರಾಧಿಗಳಾದರು. ಪರಿಸರವನ್ನು ಉಳಿಸುವ ಹೊರೆಯನ್ನು ಕೈಯಲ್ಲಿ ಕಾಸಿಲ್ಲದವರ ತಲೆಗೇ ಕಟ್ಟುವ ಚಾಳಿ ಅಷ್ಟು ಹಳೆಯದು.

■ ದಕ್ಷಿಣ ಕನ್ನಡ, ಉಡುಪಿಯ ಪತ್ರಿಕೆಗಳಲ್ಲಿ ಆಗಾಗ ಕಾಣುವ ಪದ ‘ಡಿ.ಸಿ. ಮನ್ನಾ ಭೂಮಿ’. ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಎಂದೇ ಅನೇಕರು ತಿಳಿದಿದ್ದಾರೆ. ಅಲ್ಲ, ಅದು ‘ಡಿಪ್ರೆಸ್ಡ್ ಕ್ಲಾಸ್’, ದಮನಿತ ವರ್ಗ. ಮದ್ರಾಸ್ ಆಡಳಿತದ ಕಾಲದಲ್ಲಿ ದಲಿತರಿಗೆಂದು ಮೀಸಲಿಟ್ಟ ನೆಲ. ಇದರ ಬೇರು ಹುಡುಕಿದರೆ ಮದ್ರಾಸಿನ ಪಕ್ಕದ ಚೆಂಗಲ್‌ಪಟ್ಟಿಗೆ ಹೋಗಬೇಕು. ಅಲ್ಲಿ ಕಲೆಕ್ಟರ್ ಆಗಿದ್ದ ಟ್ರೆಮೆನ್‌ಹೀರ್ 1891ರಲ್ಲಿ ಪರೈಯರ ಸ್ಥಿತಿಗತಿಯ ಬಗ್ಗೆ ಒಂದು ಟಿಪ್ಪಣಿ ಬರೆದ. ಮನೆ ಕಟ್ಟಿಕೊಂಡ ನೆಲವೂ ಅವರದ್ದಲ್ಲ, ಒಡೆಯನ ಮಾತು ಮೀರಿದರೆ ಗುಡಿಸಲೂ ಇಲ್ಲ ಎಂಬುದು ಅದರ ಸಾರ. 1892ರ ಸೆಪ್ಟೆಂಬರ್ 30ರ ಸರ್ಕಾರಿ ಆದೇಶ ಅದರ ಫಲ. ಮುಂದೆ ತಮಿಳು ಜಿಲ್ಲೆಗಳಲ್ಲಿ ಇಂಥ ‘ಪಂಚಮಿ ನೆಲ’ ಸುಮಾರು 12 ಲಕ್ಷ ಎಕರೆಯಷ್ಟಾಯಿತು. ಮೊದಲ ಹತ್ತು ವರ್ಷ ಮಾರುವಂತಿಲ್ಲ, ಆಮೇಲೆ ಮಾರಿದರೂ ದಮನಿತ ವರ್ಗದವರಿಗೇ ಮಾರಬೇಕು ಎಂಬ ಕಟ್ಟು ಇತ್ತು. ಇಂದು ಅದರಲ್ಲಿ ಬಹುಪಾಲು ಬೇರೆಯವರ ಕೈಯಲ್ಲಿದೆ. 1994ರಲ್ಲಿ ಈ ನೆಲವನ್ನು ಮರಳಿ ಕೇಳಿದ ಚೆಂಗಲ್‌ಪಟ್ಟಿನ ದಲಿತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಯುವಕರು ಸತ್ತರು. ಕರಾವಳಿಯ ಡಿ.ಸಿ. ಮನ್ನಾ ಅರ್ಜಿಗಳು ಇನ್ನೂ ತಾಲ್ಲೂಕು ಕಚೇರಿಗಳಲ್ಲಿವೆ.

■ 1906ರ ಅಕ್ಟೋಬರ್‌ನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಎಂಬ ದೊಡ್ಡ ಬ್ರಿಟಿಷ್ ವ್ಯಾಪಾರಿ ಬ್ಯಾಂಕು ದಿವಾಳಿಯಾಯಿತು. ಪಿಂಚಣಿದಾರರು, ವಿಧವೆಯರು ಇಟ್ಟಿದ್ದ ಹಣವೆಲ್ಲ ಮುಳುಗಿತು. ಆ ಏಟಿನಿಂದ ಎದ್ದದ್ದು 1907ರ ಇಂಡಿಯನ್ ಬ್ಯಾಂಕ್.

■ ಮದ್ರಾಸಿನಿಂದ ದೂರದ ಕರಾವಳಿ ಮೂಲೆಯಲ್ಲಿ, ಅದೇ 1906ರಲ್ಲಿ, ಆರು ತಿಂಗಳ ಒಳಗೆ ಎರಡು ಬ್ಯಾಂಕು ಹುಟ್ಟಿದವು: ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರ ಕೆನರಾ ಬ್ಯಾಂಕ್. ನನಗೆ ಇವೆರಡಕ್ಕಿಂತ ಪ್ರಿಯವಾದದ್ದು 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್. ಕಂಗೆಟ್ಟ ಕೈಮಗ್ಗದವರಿಗೆ ನೆರವಾಗುವುದು ಅದರ ಮೊದಲ ಉದ್ದೇಶ. 1928ರಲ್ಲಿ ಅದು ಪಿಗ್ಮಿ ಠೇವಣಿ ತೆರೆಯಿತು. ದಿನಕ್ಕೆ ಎರಡಾಣೆ ಇದ್ದರೆ ಸಾಕು, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಪಡೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಮೀನು ಮಾರುವ ಹೆಂಗಸು, ಬೀಡಿ ಕಟ್ಟುವಾಕೆ, ಗೂಡಂಗಡಿಯವ, ಎಲ್ಲರೂ ಖಾತೆದಾರರಾದರು. ಅಮ್ಮಂದಿರ ಪಿಗ್ಮಿ ಪುಸ್ತಕದಿಂದ ಓದಿದವರು, ಮದುವೆಯಾದವರು ಕರಾವಳಿಯಲ್ಲಿ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಜಗತ್ತು ‘ಆರ್ಥಿಕ ಒಳಗೊಳ್ಳುವಿಕೆ’ ಎಂದು ಹೆಸರಿಡುವುದಕ್ಕೆ ಎಷ್ಟೋ ದಶಕ ಮೊದಲಿನ ಮಾತಿದು.

■ ಸಹಕಾರ ಸಂಘದ ಕಾನೂನು ಬಂದದ್ದು 1904ರಲ್ಲಿ. ಇದಕ್ಕೆ ದಾರಿ ಮಾಡಿದ್ದು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೊಲ್ಸನ್ ಜರ್ಮನಿಯ ರೈತ ಬ್ಯಾಂಕುಗಳನ್ನು ಅಭ್ಯಾಸ ಮಾಡಿ ಬರೆದ ವರದಿ. ಅದೇ ವರ್ಷ ಟ್ರಿಪ್ಲಿಕೇನ್‌ನಲ್ಲಿ ಬೆರಳೆಣಿಕೆಯ ಸದಸ್ಯರು ಸೇರಿ ದಿನಸಿ ಸಹಕಾರಿಯೊಂದನ್ನು ಶುರುಮಾಡಿದರು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ ಎಂಬುದೇ ಅದರ ಬಂಡವಾಳ. ಮರುವರ್ಷ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು.

■ ಭಾರತದ ಮೊದಲ ಸಂಘಟಿತ ಕಾರ್ಮಿಕ ಸಂಘ ಎನಿಸಿದ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿದ್ದು 1918ರ ಏಪ್ರಿಲ್ 27ರಂದು, ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರಿಂದ. ಅವರ ಮೊದಲ ದೂರುಗಳಲ್ಲಿ ಒಂದು ಬಹಳ ಸಣ್ಣದು: ಮಧ್ಯಾಹ್ನ ಕೈತೊಳೆದು ಉಣ್ಣಲು ಹೊತ್ತು ಸಾಲದು. ಬಿ.ಪಿ. ವಾಡಿಯಾ ಅಧ್ಯಕ್ಷರು, ತಿರು.ವಿ.ಕ., ಸೆಲ್ವಪತಿ ಚೆಟ್ಟಿ, ರಾಮಾಂಜುಲು ನಾಯ್ಡು ಜೊತೆಗಾರರು. ಸಂಘ ಕಟ್ಟಿದ್ದೇ ತಪ್ಪೆಂಬಂತೆ ಗಿರಣಿಯ ಮಾಲೀಕರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಆ ಅನ್ಯಾಯದ ಚರ್ಚೆಯೇ ಬೆಳೆದು 1926ರ ಕಾರ್ಮಿಕ ಸಂಘಗಳ ಕಾಯಿದೆಯಾಯಿತು. ನಡುವೆ, 1921ರ ಮುಷ್ಕರದಲ್ಲಿ ನೋವಿನ ಬಿರುಕೊಂದು ಕಂಡಿತು. ಆದಿ ದ್ರಾವಿಡ, ಅಂದರೆ ದಲಿತ ಕೆಲಸಗಾರರಲ್ಲಿ ಬಹಳ ಮಂದಿ ಮುಷ್ಕರದಿಂದ ಹೊರಗುಳಿದರು, ಪುಲಿಯಂತೋಪಿನಲ್ಲಿ ಜಾತಿಗಲಭೆ ನಡೆದು ಗುಡಿಸಲುಗಳು ಸುಟ್ಟವು. ಒಂದೇ ಗಿರಣಿಯಲ್ಲಿ ದುಡಿಯುತ್ತಿದ್ದವರು ಸಂಜೆ ಬೇರೆ ಬೇರೆ ಕೇರಿಗೆ ಹೋಗುತ್ತಿದ್ದರು.

■ ಮೇ ದಿನದ ಕೆಂಬಾವುಟ ಭಾರತದಲ್ಲಿ ಮೊದಲು ಹಾರಿದ್ದು 1923ರ ಮೇ 1ರಂದು, ಮದ್ರಾಸಿನ ಕಡಲದಂಡೆಯಲ್ಲಿ. ಹಾರಿಸಿದವರು ಮೀನುಗಾರ ಸಮುದಾಯದಲ್ಲಿ ಹುಟ್ಟಿ ವಕೀಲರಾದ ಸಿಂಗಾರವೇಲರ್.

■ ಬ್ರಿಟಿಷ್ ಭಾರತದ ಪ್ರಾಂತಗಳಲ್ಲಿ ಹೆಣ್ಣಿಗೆ ಮೊದಲು ಮತ ಕೊಟ್ಟದ್ದು ಮದ್ರಾಸ್, 1921ರಲ್ಲಿ. ಆಸ್ತಿ ಇದ್ದವರಿಗೆ ಮಾತ್ರ ಎಂಬ ಕಟ್ಟು ಗಂಡಿಗೂ ಇತ್ತು, ಹೆಣ್ಣಿಗೂ ಇತ್ತು. ಆಸ್ತಿ ಯಾರ ಹೆಸರಿನಲ್ಲಿರುತ್ತಿತ್ತು ಎಂದು ಹೇಳಬೇಕಿಲ್ಲ. 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿ, ದೇಶದಲ್ಲಿ ಚುನಾವಣೆಗೆ ನಿಂತ ಮೊದಲ ಮಹಿಳೆಯರ ಸಾಲಿಗೆ ಸೇರಿದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಸೋತದ್ದು ಕೆಲವೇ ಮತಗಳಿಂದ. ಸ್ವಾತಂತ್ರ್ಯದ ನಂತರ ಅವರು ದೇಶದ ನೇಕಾರರು, ಕುಂಬಾರರು, ಬಡಗಿಗಳ ಬೆನ್ನಿಗೆ ನಿಂತರು, 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದರು.

■ ಬಿಸಿಯೂಟ ಎಂದೊಡನೆ ನಾವು 2002ರ ಅಕ್ಷರ ದಾಸೋಹವನ್ನು ನೆನೆಯುತ್ತೇವೆ. ತಮಿಳರು 1956ರ ಕಾಮರಾಜರನ್ನು, 1982ರ ಎಂ.ಜಿ.ಆರ್. ಅವರನ್ನು ನೆನೆಯುತ್ತಾರೆ. ಆದರೆ ಇದರ ಮೊದಲ ಒಲೆ ಹೊತ್ತಿದ್ದು 1920ರಲ್ಲಿ, ಮದ್ರಾಸಿನ ಥೌಸಂಡ್ ಲೈಟ್ಸ್‌ನ ನಗರಸಭಾ ಶಾಲೆಯಲ್ಲಿ. ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿ ಆಗ ನಗರಸಭೆಯ ಅಧ್ಯಕ್ಷರು. ಆ ಶಾಲೆಯ ಮಕ್ಕಳು ಕಡುಬಡವರು, ಹಸಿವಿನಿಂದ ತರಗತಿ ಬಿಡುತ್ತಿದ್ದಾರೆ ಎಂದು ಸಭೆಗೆ ತಿಳಿಸಿ, ಮಗುವಿಗೆ ಒಂದಾಣೆ ಮೀರದ ಹಾಗೆ ತಿಂಡಿ ಕೊಡಲು ಒಪ್ಪಿಗೆ ಪಡೆದರು. ತಿಂಡಿ ಇನ್ನೂ ನಾಲ್ಕು ಶಾಲೆಗೆ ಹಬ್ಬಿತು, ಹಾಜರಿ ಏರಿತು. 1925ರಲ್ಲಿ ಮೇಲಿನ ಸರ್ಕಾರ ಖರ್ಚಿಗೆ ಒಪ್ಪದೆ ಒಲೆ ಆರಿಸಿತು.

ಆ ಒಲೆ ಮತ್ತೆ ಹೊತ್ತಲು ದಶಕಗಳೇ ಬೇಕಾದವು. ಇಡೀ ದೇಶದ ಶಾಲೆಗಳಿಗೆ ಬಿಸಿ ಊಟ ಹಕ್ಕಾಗಿ ಬಂದದ್ದು 2001ರ ಸುಪ್ರೀಂ ಕೋರ್ಟ್ ಆದೇಶದಿಂದ. ತಮಿಳುನಾಡಿನ ತಟ್ಟೆಗೆ 1989ರಲ್ಲೇ ಮೊಟ್ಟೆ ಬಂತು, ಈಗ ವಾರಕ್ಕೆ ಐದು. ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ನೆಲೆಯೂರಲು 2021ರವರೆಗೆ ಕಾಯಬೇಕಾಯಿತು, ಅದೂ ಮೊದಲು ಕಲ್ಯಾಣ ಕರ್ನಾಟಕದ ಕಡೆ ಮಾತ್ರ. ಆ ಮೂವತ್ತೆರಡು ವರ್ಷಗಳಲ್ಲಿ ಶಾಲೆ ಮುಗಿಸಿದ ಬಡ ಮಕ್ಕಳಿಗೆ ನಾವು ಉತ್ತರ ಹೇಳಬೇಕಾಗಿದೆ. ಯಾರ ತಟ್ಟೆಯಲ್ಲಿ ಏನಿರಬೇಕೆಂದು ಹೊಟ್ಟೆ ತುಂಬಿದವರು ತೀರ್ಮಾನಿಸುತ್ತ ಕೂತಿದ್ದೆವು. ತ್ಯಾಗರಾಯರ ತಿಂಡಿಯೂ ನೂರು ವರ್ಷದ ಮೇಲೆ ಮರಳಿತು. 2022ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿ ಶುರುಮಾಡಿತು.

■ ಹಸಿದ ಮದ್ರಾಸಿಗೆ ದುಡ್ಡಿಗೆ ತಕ್ಕ ಶುಚಿ ಊಟ ಹಾಕಿದವರಲ್ಲಿ ತುಳುನಾಡಿನವರು ಮುಂದು. ಕಡಂದಲೆಯ ಬಡ ಕುಟುಂಬದ ಕೆ. ಕೃಷ್ಣರಾಯರು ಅಡುಗೆಮನೆಯ ಚಿಲ್ಲರೆ ಕೆಲಸದಿಂದ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಸಾಲದ ಹಂಗಿಲ್ಲದೆ ಮಾಣಿಯಾಗಿ ಸೇರಿ ಮಾಲೀಕನಾಗುವ ದಾರಿಯನ್ನು ಉಡುಪಿ ಹೋಟೆಲು ಎಷ್ಟೋ ಹುಡುಗರಿಗೆ ತೆರೆಯಿತು. ಇದೇ ಕಾಲದಲ್ಲಿ ಪ್ರಾಂತದ ರೈಲ್ವೆ ಊಟದ ಮನೆಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಇತರರಿಗೆ ಬೇರೆ ಜಾಗ ಇತ್ತು. ಪೆರಿಯಾರ್ ಅವರ ಚಳವಳಿಯ ಒತ್ತಡಕ್ಕೆ ಅದು 1941ರಲ್ಲಿ ಕೊನೆಗೊಂಡಿತು.

■ 2013ರ ಫೆಬ್ರವರಿಯಲ್ಲಿ ಚೆನ್ನೈ ಮಹಾನಗರಪಾಲಿಕೆ ತೆರೆದ ಅಮ್ಮ ಉಣವಗಂ ಎಂಬ ಅಗ್ಗದ ಕ್ಯಾಂಟೀನಿನಲ್ಲಿ ಇಡ್ಲಿಗೆ ಒಂದು ರೂಪಾಯಿ, ಸಾಂಬಾರ್ ಅನ್ನಕ್ಕೆ ಐದು, ಮೊಸರನ್ನಕ್ಕೆ ಮೂರು. ಬೇಯಿಸಿ ಬಡಿಸುವವರು ಸ್ವಸಹಾಯ ಸಂಘದ ಹೆಂಗಸರು. 2017ರ ಬೆಂಗಳೂರಿನ ಇಂದಿರಾ ಕ್ಯಾಂಟೀನ್ ಇದೇ ದಾರಿ ಹಿಡಿಯಿತು.

■ ‘ಪರಂಬೋಕು’ ಕರಾವಳಿಯ ಕಂದಾಯ ಕಡತದಲ್ಲೂ ಇದೆ, ತಮಿಳು ಬೈಗುಳದಲ್ಲೂ ಇದೆ. ಮೂಲದಲ್ಲಿ ಅದು ಕಂದಾಯಕ್ಕೆ ಹೊರತಾದ, ಊರಿಗೆಲ್ಲ ಸೇರಿದ ನೆಲ: ಕೆರೆ, ತೋಡು, ಗೋಮಾಳ, ಮೀನುಗಾರರ ದಂಡೆ. ತೆರಿಗೆ ಹುಟ್ಟದ ನೆಲ ಕಂದಾಯದ ಕಣ್ಣಿಗೆ ನಿಷ್ಪ್ರಯೋಜಕವಾಯಿತು. ಹಾಗಾಗಿ ಕೆಲಸಕ್ಕೆ ಬಾರದ ಮನುಷ್ಯನೂ ಚೆನ್ನೈ ಬೀದಿಯಲ್ಲಿ ಪೊರಂಬೋಕ್ಕು ಆದ. ಒಂದು ಪದದ ಅರ್ಥ ಹೀಗೆ ಕೆಡುವುದಕ್ಕೂ ಕೆರೆ ಮಾಯವಾಗುವುದಕ್ಕೂ ನಂಟಿದೆ.

■ ಸೀರೆ ಕೊಳ್ಳಲು ನಮ್ಮವರೂ ಹೋಗುವ ಟಿ. ನಗರ ಒಂದು ಕೆರೆ. ನುಂಗಂಬಾಕದ ಕಡೆಯಿಂದ ಸೈದಾಪೇಟೆಯ ಕಡೆಗೆ ಚಾಚಿದ್ದ ಉದ್ದಕೆರೆಯನ್ನು 1920ರ ದಶಕದಲ್ಲಿ ಒಡೆದು ಬಡಾವಣೆ ಮಾಡಿದರು. ಇಟ್ಟ ಹೆಸರು ತ್ಯಾಗರಾಯ ನಗರ. ಮಕ್ಕಳಿಗೆ ತಿಂಡಿ ಹಾಕಿಸಿದ ಅದೇ ತ್ಯಾಗರಾಯರು. ಪಶ್ಚಿಮ ಮಾಂಬಲದಲ್ಲಿ ಇಂದಿಗೂ ‘ಲೇಕ್ ವ್ಯೂ ರಸ್ತೆ’ ಇದೆ, ನೋಡಲು ಕೆರೆ ಇಲ್ಲ. ಧರ್ಮಾಂಬುಧಿ ಕೆರೆಯ ಮೇಲೆ ಬಸ್ಸು ಹತ್ತುವ, ಸಂಪಂಗಿ ಕೆರೆಯ ಮೇಲೆ ಪಂದ್ಯ ನೋಡುವ ಬೆಂಗಳೂರಿಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

■ ದಕ್ಷಿಣ ಚೆನ್ನೈನ ಪಳ್ಳಿಕರಣೈ ಜೌಗು ಒಂದು ಕಾಲಕ್ಕೆ ಹಲವು ಸಾವಿರ ಎಕರೆ ಹರಡಿತ್ತು. ಕಸದ ಗುಡ್ಡ, ಕಚೇರಿ ಕಟ್ಟಡ, ರಸ್ತೆಗಳು ಅದನ್ನು ತಿಂದವು. ಉಳಿದ ಸುಮಾರು 1,248 ಹೆಕ್ಟೇರಿಗೆ 2022ರಲ್ಲಿ ಜಗತ್ತಿನ ಮಹತ್ವದ ಜೌಗುಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. 2015ರ ಪ್ರವಾಹದಲ್ಲಿ ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬಂದದ್ದನ್ನು ಜೌಗಿನ ಪಕ್ಕದ ವೇಲಚ್ಚೇರಿಯವರು ಮರೆತಿರಲಾರರು.

■ ‘ಕೆಡಿಸಿದವನೇ ತೆರಬೇಕು’, ‘ಹಾನಿ ಖಚಿತವಾಗುವ ಮೊದಲೇ ಎಚ್ಚರ ಬೇಕು’ ಎಂಬ ಎರಡು ತತ್ವ ಭಾರತದ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಗೊಂಡದ್ದು 1996ರ ಆಗಸ್ಟ್ 28ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಕೇಸು ವೆಲ್ಲೂರಿನ ನಾಗರಿಕರದು, ಪಾಲಾರ್ ನದಿಗೆ ವಿಷ ಬಿಟ್ಟ ಚರ್ಮ ಹದ ಮಾಡುವ ಕಾರ್ಖಾನೆಗಳ ವಿರುದ್ಧ. ಇಂಥ ದಾವೆಗಳಿಗೆಂದೇ ಮದ್ರಾಸ್ ಹೈಕೋರ್ಟಿನಲ್ಲಿ ‘ಹಸಿರು ಪೀಠ’ ಇರಲಿ ಎಂದೂ ಅದೇ ತೀರ್ಪು ಹೇಳಿತು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ನದಿ ಅದು.

■ ಚೆನ್ನೈನ ಕುಡಿಯುವ ನೀರಿನಲ್ಲಿ ಕರ್ನಾಟಕದ ಪಾಲಿದೆ. ಕಾವೇರಿಯ ಜಗಳದ ಸುದ್ದಿ ಓದಿ ಬೆಳೆದವರಿಗೆ ಇದು ಬೇಗ ನಂಬಿಕೆ ಬರುವುದಿಲ್ಲ. 1976ರ ಒಪ್ಪಂದದಂತೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಮೂರೂ ತಮ್ಮ ಕೃಷ್ಣೆಯ ಪಾಲಿನಿಂದ ತಲಾ 5 ಟಿಎಂಸಿ ಅಡಿ ನೀರನ್ನು ಮದ್ರಾಸಿಗೆ ಬಿಡಲು ಒಪ್ಪಿದವು. ದಾರಿಯಲ್ಲಿ ಆರುವ, ಇಂಗುವ ನೀರನ್ನು ಕಳೆದು ತಮಿಳುನಾಡಿನ ಗಡಿಗೆ 12 ಟಿಎಂಸಿ ಅಡಿ ಬರಬೇಕು. ಶ್ರೀಶೈಲದಿಂದ ಕಾಲುವೆ ಹರಿದು ಕಂಡಲೇರು ದಾಟಿ ಪೂಂಡಿ ಜಲಾಶಯಕ್ಕೆ ಮೊದಲ ನೀರು ಸೇರಿದ್ದು 1996ರಲ್ಲಿ. ಬಂದದ್ದು ಹೇಳಿದ್ದಕ್ಕಿಂತ ಬಹಳ ಕಡಿಮೆಯೇ. ಹಾಗಿದ್ದರೂ ಜಗಳ ಕಾಯದೆ ಮೂರು ರಾಜ್ಯ ನಾಲ್ಕನೆಯದಕ್ಕೆ ಕುಡಿಯಲು ನೀರು ಬರೆದುಕೊಟ್ಟ ಕಾಗದ ಅದು.

■ 2003ರಲ್ಲಿ ತಮಿಳುನಾಡು ಪ್ರತಿ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿತು. ಮುಂದಿನ ಒಳ್ಳೆಯ ಮಳೆಗಳಲ್ಲಿ ಬಾವಿಗಳ ಮಟ್ಟ ಏರಿತು. ಆಮೇಲೆ ಕೊಳವೆಗಳಲ್ಲಿ ಕಸ ಕಟ್ಟಿಕೊಂಡಿತು, ಕೇಳುವವರಿರಲಿಲ್ಲ.

■ 2019ರ ಜೂನ್‌ನಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳ ತಳ ಬಿರುಕುಬಿಟ್ಟು ಕಂಡಿತು. ದುಡ್ಡಿದ್ದ ಮನೆಗಳಿಗೆ ಖಾಸಗಿ ಟ್ಯಾಂಕರ್ ಬಂತು. ಆ ಟ್ಯಾಂಕರಿನ ನೀರು ಸುತ್ತಲ ಹಳ್ಳಿಗಳ ಹೊಲದ ಬಾವಿಯದು. ಉಳಿದವರ ಪರವಾಗಿ ಹಸಿರು, ನೀಲಿ, ಹಳದಿ ಪ್ಲಾಸ್ಟಿಕ್ ಕೊಡಗಳು ಬೀದಿಯಲ್ಲಿ ಸಾಲು ನಿಂತವು. ಕೊಡದ ಹಿಂದೆ ಇದ್ದವರು ಹೆಂಗಸರು, ಅರ್ಧ ದಿನದ ಕೂಲಿ ಬಿಟ್ಟು ಬಂದವರು. ಆ ಕಳೆದ ಕೂಲಿ ಯಾವ ರಾಜ್ಯದ ಬಜೆಟ್ಟಿನಲ್ಲೂ ನೀರಿನ ಖರ್ಚೆಂದು ಬರೆದಿಲ್ಲ. ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ಬೋಗಿಗಳ ರೈಲೊಂದು 25 ಲಕ್ಷ ಲೀಟರ್ ನೀರು ತುಂಬಿಕೊಂಡು ವಿಲ್ಲಿವಾಕ್ಕಂಗೆ ಬಂತು. ಅದು ಕಾವೇರಿಯ ನೀರು. ಕೊಡಗಿನಲ್ಲಿ ಹುಟ್ಟಿ, ಮೆಟ್ಟೂರಿನಲ್ಲಿ ನಿಂತು, ಕೊಳವೆ ಹತ್ತಿ, ರೈಲು ಹತ್ತಿ ಬಂದದ್ದು. ಅಕ್ಟೋಬರ್‌ನಲ್ಲಿ ಮಳೆ ಹಿಡಿಯುವವರೆಗೂ ಆ ರೈಲು ಓಡಿತು. ಬೆಂಗಳೂರಿನಿಂದ ಚೆನ್ನೈಗೆ ಹಗಲು ರೈಲಿನಲ್ಲಿ ಹೋಗುವವರು ಜೋಲಾರ್‌ಪೇಟೆ ಜಂಕ್ಷನ್ ದಾಟಿಯೇ ಹೋಗುತ್ತಾರೆ. ನೀರು ತುಂಬಿದ ನಿಲ್ದಾಣ ಅದೇ.